ಬಿಂದಿಗೆ ಸಾಲಿನಲ್ಲಿ ಎಡಗಾಲು

ಗೌತಮಪುರದ ನಮ್ಮ ಗಲ್ಲಿಗೆ ನೀರು ಬರುವುದು
ದಿನ ಬಿಟ್ಟು ದಿನ, ನಾಲ್ಕೂಮುಕ್ಕಾಲಿಗೆ.
ನಾಲ್ಕೂವರೆಗೇ ಬಿಂದಿಗೆಗಳು ಎದ್ದು ಬಂದು
ನಲ್ಲಿಯಿಂದ ಚರ್ಚಿನ ಗೋಡೆಯವರೆಗೆ
ಸಾಲು ನಿಂತಿರುತ್ತವೆ: ಹಸಿರು, ಕೇಸರಿ, ನೀಲಿ.
ಕುತ್ತಿಗೆಗೆ ಬಟ್ಟೆ ಕಟ್ಟಿದ್ದು ಶಕೀಲಾ ಆಂಟಿಯದು,
ಬುಡ ಸೀಳಿ ಮೇಣ ಮೆತ್ತಿದ್ದು ನಮ್ಮದು.

ಜನ ಮಾತ್ರ ಮತ್ತೆ ಹೋಗಿ ಮಲಗಿರುತ್ತಾರೆ.
ಕಾಯಲು ನಾನು, ಬರಿಗಾಲಲ್ಲಿ.
ನಾನು ಮತ್ತು ಚೆಂಡು,
ಅಣ್ಣನ ಕಾಲಿನಿಂದ ನನ್ನ ಕಾಲಿಗೆ ಇಳಿದು ಬಂದದ್ದು,
ಗಾಳಿ ಅರ್ಧ, ಹೊಲಿಗೆ ಅರ್ಧ.

"ಕೋನು ಇಟ್ಟು ಕಲಿತವರು ಕೋನನ್ನೇ ದಾಟ್ತಾರೆ"
ಎನ್ನುತ್ತಾರೆ ಲೂರ್ದುಸ್ವಾಮಿ ಮಾಸ್ಟರು,
ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತ.
ಕಾರ್ಖಾನೆ ತಂಡಕ್ಕೆ ಹನ್ನೊಂದು ವರ್ಷ ಆಡಿದ ಮಂಡಿ;
ಈಗ ಮಳೆಯ ಸುದ್ದಿ ಒಂದು ದಿನ ಮೊದಲೇ ಹೇಳುತ್ತದೆ.
"ಚೂರು ಒಳಪಾದ, ಚೂರು ಹೊರಪಾದ.
ಒದೀಬೇಡ, ಕೇಳು ಅದನ್ನ, ಬರ್ತೀಯಾ ಅಂತ.
ಎಡಗಾಲೇನು ಸವತಿ ಮಗಳಾ? ಅದಕ್ಕೂ ಕೊಡು.
ಮತ್ತೆ, ಪುಷ್ಪರಾಣಿ,
ನೋಡಬೇಡ ಚೆಂಡನ್ನ."

ನೋಡದೆ ಹೇಗೆ?
ಚಪ್ಪಡಿ ಒಂದು ಏಳುತ್ತದೆ, ಒಂದು ಬೀಳುತ್ತದೆ,
ಮುಚ್ಚಳ ಕಳೆದ ಮೋರಿ ಬಾಯಿ ತೆರೆದಿದೆ,
ಸ್ಕೂಟರಿನ ಸ್ಟ್ಯಾಂಡು, ಮಲಗಿದ ನಾಯಿಯ ಬಾಲ.
ನೋಡಿದೆ. ನೋಡಿಕೊಂಡೇ ಆಡಿದೆ
ಬೇಸಿಗೆಯಿಡೀ.
ಭಾನುವಾರ ಆಸ್ಟಿನ್ ಟೌನಿನ ಮೈದಾನದಲ್ಲಿ
ಆರನೇ ನಂಬರಿನವಳು, ಜಡೆ ಎತ್ತಿ ಕಟ್ಟಿದವಳು,
ಮೂರು ಸಲ ಕಿತ್ತುಕೊಂಡು ಹೋದಳು.
ಅವಳ ಮುಖ ಹೇಗಿತ್ತೆಂದು ಈಗಲೂ ಗೊತ್ತಿಲ್ಲ,
ಬೂಟಿನ ಲೇಸು ಮಾತ್ರ ಗೊತ್ತು.

ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಗಾಳಿ ಉಗುಳುತ್ತದೆ.
ಆ ಸದ್ದಿಗೆ ಹದಿನಾರು ಬಾಗಿಲು.
ಸಾಲು ಜರುಗುತ್ತದೆ, ಒಂದೊಂದು ಕೈ, ಒಂದೊಂದು ಬೈಗುಳ.
ಈಗ ಬಿಂದಿಗೆಗಳು ಆಡುತ್ತವೆ ನನ್ನೆದುರು,
ಇದ್ದ ಸಂದು ಮುಚ್ಚಿ, ಇಲ್ಲದಲ್ಲಿ ತೆರೆದು.
ಎಡ, ಎಡ, ಬಲ. ಅಂಗಾಲಲ್ಲಿ ತಡೆದು, ಎಳೆದು, ಹೊರಪಾದ...
ಶಕೀಲಾ ಆಂಟಿಯದು ಉರುಳಿತು.
ತುಂಬಿದ್ದು.

ಹದಿನೈದು ಲೀಟರು ನೀರು ಚಪ್ಪಡಿಗಳ ನಡುವೆ
ಮೋರಿಯ ದಾರಿಯನ್ನು ಎಷ್ಟು ಚೆನ್ನಾಗಿ ಬಲ್ಲದು!
ಒಂದು ತಿರುವಿಗೂ ತಡವರಿಸಲಿಲ್ಲ.

ಆಂಟಿ ಬೈಯಲಿಲ್ಲ. ಅದೇ ಕಷ್ಟವಾಗಿದ್ದು.
ಏಳಕ್ಕೆ ಗಾರ್ಮೆಂಟ್ಸಿಗೆ ಹೊರಡಬೇಕಾದವರು
ಖಾಲಿ ಬಿಂದಿಗೆ ಸಾಲಿನ ಕೊನೆಗೆ ಇಟ್ಟರು.
ನಮ್ಮ ಸರದಿ ಬಂದಾಗ ಅಮ್ಮ
ತುಂಬಿದ್ದನ್ನು ನನ್ನ ಸೊಂಟಕ್ಕೆ ಏರಿಸಿ
ಕಣ್ಣಲ್ಲೇ ತೋರಿಸಿದಳು, ಅವರ ಮನೆ.

ಗಲ್ಲಿಯ ಆ ತುದಿ. ಅರವತ್ತು ಹೆಜ್ಜೆ.
ಚೆಂಡು ಬಿಟ್ಟು ಹೋದರೆ ಮೂಲೆಮನೆಯ ಹುಡುಗರು ಬಿಡುತ್ತಾರಾ,
ಎತ್ತಿಕೊಳ್ಳೋಣವೆಂದರೆ ಕೈಯಿಲ್ಲ.
ಕಾಲಿಗೇ ಹೇಳಿದೆ: ನೀನೇ ತಾ.

ಬಿಂದಿಗೆಯ ಹೊಟ್ಟೆ ಅಡ್ಡ;
ನನ್ನ ಪಾದವೇ ನನಗೆ ಕಾಣದು.
ಬಗ್ಗಿದರೆ ತುಳುಕುತ್ತದೆ.
ಬೆನ್ನು ನೆಟ್ಟಗೆ, ಮುಖ ಎದುರಿಗೆ.
ಹೆಬ್ಬೆರಳ ಬುಡಕ್ಕೆ ಏನೋ ತಾಗಿತು. ಇದೆ.
ಮತ್ತೊಂದು ಹೆಜ್ಜೆ. ಇದೆ.
ಚಪ್ಪಡಿ ಏಳುವಲ್ಲಿ ಅದೂ ಎದ್ದಿತು,
ಪಾದಕ್ಕೆ ಮೊದಲೇ ತಿಳಿದಿತ್ತು.
ನಾಯಿ ತಾನಾಗಿ ಬಾಲ ಮಡಚಿಕೊಂಡಿತು.
ಎದುರಿಗೆ ಎಷ್ಟೊಂದು ಇತ್ತು ನೋಡಲು!
ಹಾಲಿನ ಹುಡುಗನ ಸೈಕಲ್ಲು ಯಾವ ಕಡೆ ವಾಲುವುದೆಂದು
ಅವನಿಗಿಂತ ಮೊದಲೇ ನನಗೆ ಕಂಡಿತು,
ಕಾಣುವಷ್ಟರಲ್ಲಿ ಎಡಗಾಲು
ಚೆಂಡನ್ನು ಆಚೆಗೆ ಸರಿಸಿಯೂ ಆಗಿತ್ತು.

ಆಂಟಿಯ ಹೊಸ್ತಿಲಲ್ಲಿ ಇಳಿಸಿದೆ.
ಪೈಜಾಮದ ಒಂದು ಕಾಲು ಒದ್ದೆ; ಅಷ್ಟು ಚೆಲ್ಲಿತ್ತು.
"ಚಾ ಕುಡೀತೀಯಾ?" ಒಳಗಿಂದ ಕೇಳಿದರು.

ಮೆಟ್ಟಿಲ ಮೇಲೆ ಮಾಸ್ಟರು
ಎಣ್ಣೆ ಸೀಸೆಗೆ ಬಿರಡೆ ಹಾಕುತ್ತಿದ್ದರು.
ನೋಡಿದರೋ ಇಲ್ಲವೋ.
"ನಾಳೆ ನೀರಿಲ್ಲ" ಎಂದರು.
"ನಾಡಿದ್ದು ಎರಡು ಬಿಂದಿಗೆ ತಗೊಂಡು ಬಾ."