ಎಡಗೈಯಲ್ಲಿ ಲೋಟ

ಲೋಸ್ಟಾಫ್ಟ್ ಬಂದರಿಗೆ ನೀವು ಬಂದಿಳಿದದ್ದು
ಐವತ್ತೆಂಟರ ಅಕ್ಟೋಬರಿನಲ್ಲಿ, ಮಂಜು ಹುಡುಕಿಕೊಂಡು.
ಕ್ಯಾಮೆರಾ ಎರಡು, ಕೋಟು ಒಂದು,
ಬೆನ್ನ ಹಿಂದೆ ಒಂಬತ್ತು ಸಿನಿಮಾ, ಇಬ್ಬರು ಹೆಂಡಿರು,
ಪ್ಯಾರಿಸ್ಸಿನಲ್ಲಿ ಆರು ತಿಂಗಳ ಬಾಡಿಗೆ ಬಾಕಿ.

ನನಗಾಗ ಇಪ್ಪತ್ತೆರಡು. ನನ್ನ ಕೆಲಸ ಬರೆದಿಡುವುದು:
ಸಿಗರೇಟು ಎಷ್ಟು ಉರಿದಿತ್ತು, ಗುಂಡಿ ಎಷ್ಟು ಬಿಚ್ಚಿತ್ತು,
ಲೋಟ ಹಿಡಿದದ್ದು ಯಾವ ಕೈ.
ನಿನ್ನೆಯ ಶಾಟಿಗೂ ಇವತ್ತಿನದಕ್ಕೂ ನಡುವೆ
ಹೊಲಿಗೆ ಕಾಣಬಾರದು, ಅಷ್ಟೆ.

ಮಂಜು ಬರಲಿಲ್ಲ.
ಇಂಗ್ಲೆಂಡಿಗೆ ಬಂದು ಬಿಸಿಲಿಗೆ ಸಿಕ್ಕಿಬಿದ್ದ ಮೊದಲ ಮನುಷ್ಯ
ನೀವೇ ಇರಬೇಕು, ಮೊಸ್ಯೂ ಕೆರ್ವೆಲ್ಲಾ.
ಇಪ್ಪತ್ತಮೂರು ದಿನ ಆಕಾಶ ತೊಳೆದಿಟ್ಟ ತಟ್ಟೆ.
ಬೆಳಗಾದರೆ ದೋಣಿಯವರು ಕೇಳುವರು,
"ಬಂದಳೇ ನಿಮ್ಮ ಹೀರೋಯಿನ್ನು?"
ನೀವು ಕಟ್ಟೆಯ ತುದಿಯಲ್ಲಿ ಕೂತು
ಹೆರಿಂಗ್ ಹೊಟ್ಟೆ ಸೀಳುವ ಹೆಂಗಸರ ಬೆರಳು ನೋಡುತ್ತಿದ್ದಿರಿ,
ಬಟ್ಟೆಚೂರು ಸುತ್ತಿದ ಬೆರಳು.
"ಅಮ್ಮನದೂ ಇದೇ ಕೆಲಸ, ಆಚೆ ದಡದಲ್ಲಿ.
ಅಲ್ಲಿ ಬೂತಾಯಿ. ಮೀನು ಬೇರೆ, ಚಾಕು ಅದೇ.
ಒಂಬತ್ತು ಸಿನಿಮಾದಲ್ಲಿ ಒಮ್ಮೆಯೂ ತೋರಿಸಲಿಲ್ಲ ನಾನು.
ಎಲ್ಲ ಹೆಂಗಸರಿಗೂ ಕೈಗವಸು ತೊಡಿಸಿದೆ."

ಇಪ್ಪತ್ತನಾಲ್ಕಕ್ಕೆ ದುಡ್ಡು ಮುಗಿಯಿತು.
ಲೈಟಿನವರು ಹೋದರು, ನಾಯಕಿ ರೈಲು ಹತ್ತಿದಳು.
ಅಂದು ಸಂಜೆಯೇ ಬಂತು ಮಂಜು,
ಧಾರೆ ಮುಗಿದ ಮೇಲೆ ಓಲಗದವರು ಬಂದ ಹಾಗೆ.
ನೀವು ನಕ್ಕಿರಿ. ಉಳಿದದ್ದು ಎರಡೇ ನಿಮಿಷದ ರೀಲು.
ಕ್ಯಾಮೆರಾ ತಿರುಗಿಸಿದ್ದು ಕಡಲಿನ ಕಡೆಗಲ್ಲ,
ಲಾಟೀನಿನ ಕೆಳಗೆ ಚಾಕು ಒರೆಸುತ್ತಿದ್ದ ಮುದುಕಿಯ ಕಡೆಗೆ.

ಆಮೇಲೆ ನೀವು ಹೋಗಲೇ ಇಲ್ಲ.
ಯಾಕೆಂದು ಕೇಳುವ ರೂಢಿ ಆ ಊರಿಗಿಲ್ಲ.
ಪೆಲಿಕನ್ ಟಾಕೀಸಿನ ಮಹಡಿಯಲ್ಲಿ ಇಪ್ಪತ್ತೊಂದು ವರ್ಷ
ಬೇರೆಯವರ ಚಿತ್ರ ಓಡಿಸಿದಿರಿ,
ಕೆಟ್ಟದ್ದು ಬಂದರೆ ಪ್ರೊಜೆಕ್ಟರಿಗೆ ಬೆನ್ನು ಹಾಕಿ
ರಾತ್ರಿಯ ಸೂಪಿಗೆ ಈರುಳ್ಳಿ ಹೆಚ್ಚುತ್ತಾ.
ಕಣ್ಣೀರು ಯಾವುದರದ್ದೆಂದು ಗೇಟ್‌ಕೀಪರಿಗೂ ತಿಳಿಯುತ್ತಿರಲಿಲ್ಲವಂತೆ.
ನಾನು ನಾರಿಚ್‌ನಲ್ಲಿ ಮದುವೆಯಾದೆ,
ಯಾರ್ಯಾರದೋ ಗುಂಡಿ ಎಣಿಸುತ್ತಾ ನರೆತೆ.

ಬಲ್ಲವರ ಪಟ್ಟಿಯಲ್ಲಿ ನಿಮ್ಮವು ಒಂಬತ್ತೇ.
ಹತ್ತನೆಯದು ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದೆ.
ಹುಳಿ ವಾಸನೆ ಹಿಡಿದಿದೆ, ಓಡಿಸಿದರೆ ಮುರಿಯುತ್ತದೆ.
ಕಿಟಕಿಗೆ ಹಿಡಿದು ನೋಡುತ್ತೇನೆ, ಒಂದೊಂದೇ ಚೌಕ.
ಮುದುಕಿ ಒರೆಸುತ್ತಲೇ ಇದ್ದಾಳೆ.

ಆಸ್ಪತ್ರೆಗೆ ನಾನು ಬಂದ ಆ ಒಂದು ಮಧ್ಯಾಹ್ನ
ನೀವು ಮಾತಾಡಲಿಲ್ಲ. ಕೈ ಸುಮ್ಮನಿರದೆ ಬರೆದುಕೊಂಡೆ:
ಕಿಟಕಿ ಅರೆ ತೆರೆದಿದೆ. ಗಡ್ಡ ಮೂರು ದಿನದ್ದು.
ಮೇಲಿನ ಗುಂಡಿ ಇಲ್ಲ.
ಎಡಗೈಯಲ್ಲಿ ಲೋಟ, ಅರ್ಧ ನೀರು.
ಮುಂದಿನ ಶಾಟಿಗೆ ಬೇಕಾಗುತ್ತದೆ ಎಂದು.