ಎಡಗಡೆಯ ಬ್ರೇಕು

ಇಪ್ಪತ್ಮೂರು ವರ್ಷ ಎಡಸೀಟಿನಲ್ಲೇ ಕೂತವಳು ನಾನು.
ವಾರಿಜಾ ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು:
ಒಂದು ಕಲಿಯುವವರದು,
ಇನ್ನೊಂದು ಅವರನ್ನು ನಂಬದವಳದು.
ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಆಣಿ ಬಿದ್ದಿದೆ.
ಗೋಪಾಳದ ಹಸು, ಬಿ.ಎಚ್. ರಸ್ತೆಯ ಸಿಟಿ ಬಸ್ಸು,
ಗಾಂಧಿ ಬಜಾರಿನ ಬಾಯಲ್ಲಿ
ಹೇಳದೆ ಕೇಳದೆ ತಿರುಗಿದ ಆಟೊಗಳು,
ಎಲ್ಲ ಆ ಆಣಿಯೊಳಗಿವೆ.

ಜನವರಿಯ ಒಂದು ಸೋಮವಾರ, ನಸುಕು ನಾಲ್ಕೂವರೆ,
ನೆತ್ತಿಯ ಎಲ್ ಬೋರ್ಡು ಬಿಚ್ಚಿ ಡಿಕ್ಕಿಗೆ ಹಾಕಿ
ಬಲಗಡೆ ಹತ್ತಿದೆ.
ಎಡಸೀಟಿನಲ್ಲಿ ಎರಡು ಸ್ವೆಟರು, ಕಡುಬಿನ ಡಬ್ಬಿ,
ಕೆಳಗೆ ಯಾರ ಕಾಲೂ ಇಲ್ಲದ ಬ್ರೇಕು.

"ಅಷ್ಟು ದೂರ, ಒಬ್ಬರೇ, ಜಾರೋದಕ್ಕಾ?"
ಬಂಕಿನ ಈರಣ್ಣ ಪೈಪು ಹಿಡಿದೇ ನಕ್ಕ.
"ಜಾರಿ ಬೀಳೋಕೆ ನಮ್ಮ ಆಗುಂಬೆ ಸಾಲದಾ ಮೇಡಂ?"
ಸಾಲದು ಅಂದೆ.
ಯಾಕೆ ಅಂತ ಕೇಳಿದ್ದರೆ ಉತ್ತರವಿರಲಿಲ್ಲ.
ಅವನು ಚಿಲ್ಲರೆ ಎಣಿಸುತ್ತಿದ್ದ, ಬಚಾವಾದೆ.

ಸವಳಂಗ ರಸ್ತೆಯ ಮೇಲ್ಸೇತುವೆ ಹತ್ತಿ ಇಳಿದರೆ
ಮುಂದೆಲ್ಲ ಉತ್ತರ.
ನಡುವಿನ ಐದು ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ:
ಒಂದು ಪಂಕ್ಚರು,
ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದ ಒಂದು ಲಾಡ್ಜು,
ಟೋಲಿನ ಗೂಡಿನಿಂದ ನನ್ನನ್ನು ದಾಟಿ
ಎಡಸೀಟಿನಲ್ಲಿ ಗಂಡಸನ್ನು ಹುಡುಕಿದ ಕಣ್ಣುಗಳು.
ಅಲ್ಲಿ ಕಡುಬಿನ ಖಾಲಿ ಡಬ್ಬಿ ಇತ್ತು.

ಔಲಿಯಲ್ಲಿ ಕಲಿಸಿದವನು ಕುಂದನ್, ಹತ್ತೊಂಬತ್ತು ವರ್ಷ.
"ಘುಟ್ನೇ ಮೋಡೋ! ಮೋಡೋ!" ಅಂತ ಕೂಗಿದ.
ಮಂಡಿ ಮಡಚು ಅಂತ ಅರ್ಥವಂತೆ.
ನನಗೆ ಕೇಳಿದ್ದು ಮೋಡ.
ತಲೆಯೆತ್ತಿ ಆಕಾಶ ನೋಡಿದೆ,
ಬಿದ್ದೆ.

ಹಿಮ ಮೆತ್ತಗಿರುತ್ತದೆ ಅಂದುಕೊಂಡಿದ್ದೆ.
ನೆನೆದ ಇಡ್ಲಿ ರವೆಯ ಮೂಟೆ ಅದು,
ಕಾಲುಚೀಲದೊಳಗೆ ಬಂದು ತಣ್ಣಗೆ ಸಂಸಾರ ಹೂಡುತ್ತದೆ.
ಹದಿನೇಳರವರೆಗೆ ಬಿದ್ದದ್ದನ್ನು ಎಣಿಸಿದೆ, ಆಮೇಲೆ ಬಿಟ್ಟೆ.
ಪ್ರತಿ ಸಲವೂ ಬಲಗಾಲು
ಇಲ್ಲದ ಪೆಡಲನ್ನು ಒತ್ತುತ್ತಿತ್ತು.
ಅಲ್ಲಿ ಒತ್ತಿದರೆ ನಿಲ್ಲುವುದಿಲ್ಲ, ತಿರುಗುತ್ತದೆ.
ಬಲಗಾಲು ಒತ್ತಿದರೆ ಎಡಕ್ಕೆ.
ನಿಲ್ಲಬೇಕೆಂದರೆ ಹಿಮ್ಮಡಿಗಳನ್ನು ಅಗಲಿಸಬೇಕು,
ಎರಡೂ ಹಲಗೆ ಸೇರಿ ಮೊರದ ಆಕಾರವಾಗಬೇಕು.
ಅಷ್ಟೇ ಬ್ರೇಕು. ಉಳಿದದ್ದು ಗುಡ್ಡಕ್ಕೆ ಬಿಟ್ಟದ್ದು.

ನಾಲ್ಕನೇ ದಿನ ಮಧ್ಯಾಹ್ನ ಒಂದು ಸಣ್ಣ ಇಳಿಜಾರು,
ಹೆಚ್ಚೆಂದರೆ ನಮ್ಮ ಮೇಲ್ಸೇತುವೆಯಷ್ಟು ಉದ್ದ,
ಪಕ್ಕದಲ್ಲಿ ಆರು ವರ್ಷದ ಮಕ್ಕಳು ಸೊಯ್ಯನೆ ಹೋಗುವಂಥದು.
ಇಳಿದೆ.
ನನ್ನ ಕಾಲು ಏನನ್ನೂ ಹುಡುಕಲಿಲ್ಲ.
ಕೆಳಗೆ ನಿಂತ ಮೇಲೆ ಅದು ಗೊತ್ತಾಯಿತು,
ಆಗ ನೋಡಿ, ಅಳು ಬಂತು,
ಮೂಗಿಂದ ಇಳಿದ ನೀರು ಯಾವುದರದೆಂದು
ಕುಂದನ್‌ಗೆ ತಿಳಿಯದಷ್ಟು ಚಳಿ.

ತುಂಗೆ ಸೇತುವೆಯ ಆಚೆ ಕಾರು ತೊಳೆಯುವ ಹುಡುಗ
"ಇದೆಲ್ಲಿಯ ಮಣ್ಣು ಮೇಡಂ, ಹೋಗ್ತಾನೇ ಇಲ್ಲ" ಅಂದ.
ಮಡ್‌ಗಾರ್ಡಿನ ಒಳಗಿನದು ಇರಲಿ ಬಿಡು ಅಂದೆ.

ಈಗ ಮತ್ತೆ ಎಡಸೀಟು, ಮತ್ತೆ ಅದೇ ಮೇಲ್ಸೇತುವೆ.
ಸ್ಟೇರಿಂಗಿನ ಹಿಂದೆ ನಿವೃತ್ತ ಹಾಲೇಶಪ್ಪ ಮೇಷ್ಟ್ರು,
ಗಣಿತ ಹೇಳಿದವರು, ಕ್ಲಚ್ಚಿನ ಲೆಕ್ಕ ಹತ್ತುತ್ತಿಲ್ಲ.
ಏರಿನ ಅರ್ಧದಲ್ಲಿ ಗಾಡಿ ಆಫ್.
ಹಿಂದೆ ಮರಳಿನ ಲಾರಿ, ಹಾರ್ನು.
ಕಾರು ಹಿಂದಕ್ಕೆ ಸರಿಯತೊಡಗಿತು.

ಮೊದಲಾಗಿದ್ದರೆ ಅಷ್ಟೊತ್ತಿಗೆ ಒತ್ತಿರುತ್ತಿದ್ದೆ.
ಈ ಸಲ ಒಂದು ಗೇಣು ಬಿಟ್ಟೆ,
ಇನ್ನೊಂದು ಗೇಣು.
"ಮೇಡಂ, ಬ್ರೇಕು!"
"ನಿಮ್ಮ ಹತ್ರಾನೂ ಇದೆ ಮೇಷ್ಟ್ರೇ, ನೋಡಿ."

ಲಾರಿಗೂ ನಮಗೂ ನಡುವೆ
ಒಂದು ಮೊಳ ಉಳಿದಿತ್ತು.
ಯಾರು ಒತ್ತಿದ್ದು ಅಂತ
ಇಬ್ಬರೂ ಇನ್ನೂ ವಾದಿಸುತ್ತಿದ್ದೇವೆ.