ಎಂಬತ್ತನಾಲ್ಕು ಕೆ.ಜಿ.

ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ನಿಂತ ಎದೆಗಳನ್ನು ಒತ್ತಿದ್ದು ನನ್ನ ತೂಕ.
‘ಫಿಲೋಮಿನಾ ಸಿಸ್ಟರ್ ಬಗ್ಗಿದ್ರೆ ಮಂಚ ಕಿರ್ ಅನ್ನುತ್ತೆ’
ವಾರ್ಡ್‌ಬಾಯ್‌ಗಳ ನಗೆ. ನಗಲಿ.
ಆ ಕಿರ್ ಸದ್ದಿಗೆ ಕಣ್ಣು ಬಿಟ್ಟವರಿದ್ದಾರೆ.

ಈಗ ಮಾರತಹಳ್ಳಿ ದಾರಿಯ ಈ ಶೆಡ್ಡಿನಲ್ಲಿ
ಗಗನಕ್ಕೆ ಹೋಗುವ ಮಕ್ಕಳಿಗೆ ಟೀಚರಮ್ಮ.
ಮೊದಲ ಪಾಠ ಕಲಿತವಳು ನಾನೇ:
ಮೇಲೆ ತೂಕವಿಲ್ಲ.
ಒತ್ತಿದರೆ ಎದೆ ತಗ್ಗದು,
ಒತ್ತಿದವನೇ ತೇಲಿಹೋಗುತ್ತಾನೆ
ದಡ ನೂಕಿದ ತೆಪ್ಪದ ಹಾಗೆ.

ಅದಕ್ಕೇ ಚಾವಣಿಗೆ ಪಾದ, ಗೊಂಬೆಯ ಎದೆಗೆ ಅಂಗೈ.
ಹಗ್ಗಕ್ಕೆ ತಲೆಕೆಳಗಾಗಿ ತೂಗುವ ದೇಚಮ್ಮ
ಮಂಡಿ ಮಡಿಸಿ, ಚಾಚಿ, ಮಡಿಸಿ, ಚಾಚಿ
ಒನಕೆಯೇ ಆಗಿಬಿಟ್ಟಿದ್ದಾಳೆ.
ಇಪ್ಪತ್ತೊಂಬತ್ತು, ಮೂವತ್ತು. ಉಸಿರು ಕೊಡು.

‘ಅಲ್ಲಿ ಎಷ್ಟು ಹೊತ್ತು ಒತ್ತಬೇಕು, ಸಿಸ್ಟರ್?’

ಇಲ್ಲಾದರೆ ತೋಳು ಸೋತಾಗ
ಪಕ್ಕದವರು ಬಂದು ಕೈ ಬದಲಿಸುತ್ತಾರೆ.
ಅಲ್ಲಿ ಇರುವುದೇ ಮೂವರು,
ಅದರಲ್ಲೊಬ್ಬ ಇವನು.
ಗೊಂಬೆಯ ಗದ್ದ ಎತ್ತಿ ಸರಿಮಾಡಿದೆ.
‘ಇನ್ನೊಂದು ಸಲ’ ಅಂದೆ.

ಸಂಜೆ ಮೆಜೆಸ್ಟಿಕ್ ಬಸ್ಸು
ನಾನು ಹತ್ತಿದೊಡನೆ ಒಂದು ಕಡೆ ವಾಲಿತು.
ಕಂಡಕ್ಟರ್ ಮೀಸೆಯಡಿ ನಕ್ಕ.
ಕಿಟಕಿಗೆ ಒರಗಿ ಕೂತೆ
ಅಷ್ಟೂ ಭಾರ ಬಿಟ್ಟು.